ಕೈತೋಟ ಬಳಗದ ಕಾರ್ಯಾಗಾರ: ಯಾವ ತಿಂಗಳು ಏನು, ಎಷ್ಟು ಸಾಮಾನು, ಎಲ್ಲಿ ಕೆಡುತ್ತದೆ

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯಲ್ಲಿ 45 ಮನೆಯವರು ಸೇರಿ ಕೈತೋಟ ಬಳಗ ಮಾಡಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ 11ಕ್ಕೆ ಸಮುದಾಯ ಭವನದಲ್ಲಿ ಒಬ್ಬರನ್ನು ಕರೆಸಿ ಉಪನ್ಯಾಸ ಇಡುತ್ತೇವೆ. ಮೊದಮೊದಲು ಕುರ್ಚಿ ಸಾಲುತ್ತಿರಲಿಲ್ಲ, ಈಗ ಬರುವವರು ಹತ್ತು ಹನ್ನೆರಡು ಜನ. ಎರಡು ಕಾರ್ಯಾಗಾರವನ್ನೂ ಮಾಡಿದೆವು. ಮಾರ್ಚ್‌ನಲ್ಲಿ ಮಾವಿನ ಕಸಿ, ಜುಲೈನಲ್ಲಿ ಅಡುಗೆಮನೆ ಕಸದ ಗೊಬ್ಬರ. ಒಂದು ಕಸಿಯೂ ಹತ್ತಲಿಲ್ಲ. ಗೊಬ್ಬರದ ಬಕೆಟ್ಟು ನಾತ ಹೊಡೆದು ಹೆಚ್ಚಿನವರು ಕೈಬಿಟ್ಟರು. ಮನೆಗೆ ವರ್ಷಕ್ಕೆ 600 ರೂಪಾಯಿ ವಂತಿಗೆ ಇದೆ. ಮುಂದಿನ ವರ್ಷ ಯಾವ ತಿಂಗಳು ಏನು ಇಡಬೇಕು, ಏನೇನು ಸಾಮಾನು ಬೇಕು, ಮಕ್ಕಳನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಎರಡೂ ಕಾರ್ಯಾಗಾರಗಳು ಸೋಲಲು ಒಂದು ಕಾರಣ ತಿಂಗಳು ತಪ್ಪಿದ್ದು. ಮಾರ್ಚ್‌ನಲ್ಲಿ ಮೈಸೂರಿನ ಗಾಳಿಯಲ್ಲಿ ತೇವ ಇರುವುದಿಲ್ಲ. ಕಸಿ ಕಡ್ಡಿ ಬೇರುಸಸಿಗೆ (ಕಡ್ಡಿ ಕಟ್ಟುವ ಬುಡದ ಸಸಿಗೆ) ಬೆಸೆದುಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟು ದಿನ ಕಡ್ಡಿ ಹಸಿರಾಗಿ ಉಳಿಯಬೇಕಾದರೆ ಸುತ್ತಲಿನ ಗಾಳಿ ತೇವವಾಗಿರಬೇಕು. ಅದೂ ಅಲ್ಲದೆ ಆ ತಿಂಗಳು ಮಾವಿನ ಮರ ಹೂವು, ಮಿಡಿಗಳಲ್ಲಿ ಮುಳುಗಿರುತ್ತದೆ, ಕಸಿಗೆ ತಕ್ಕ ಕಡ್ಡಿ ಸಿಗುವುದು ಕಷ್ಟ. ಇನ್ನು ಜುಲೈನಲ್ಲಿ ಗೊಬ್ಬರ ಶುರು ಮಾಡಿದವರಿಗೆ ಒಣ ಎಲೆ ಎಲ್ಲಿಂದ ಬರಬೇಕು? ಸಿಕ್ಕಿದ್ದೆಲ್ಲ ಮಳೆಯಲ್ಲಿ ನೆಂದದ್ದು. ತರಕಾರಿ ಸಿಪ್ಪೆಯ ಮೇಲೆ ನೆಂದ ಎಲೆ ಹಾಕಿದರೆ ಬಕೆಟ್ಟಿನೊಳಗೆ ಗಾಳಿ ಆಡದೆ ಕೊಳೆಯುತ್ತದೆ, ನಾತ ಹೊಡೆಯುತ್ತದೆ.

ಇನ್ನೊಂದು ಕಾರಣ, ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡದು: ಗಿಡ ಕೆಡುವ ದಿನ ಕಲಿತವರ ಜೊತೆ ಯಾರೂ ಇರುವುದಿಲ್ಲ. ಗೊಬ್ಬರದ ಬಕೆಟ್ಟಿನಲ್ಲಿ ಹುಳ ಕಾಣಿಸಿಕೊಳ್ಳುವುದು ಹತ್ತು ಹನ್ನೆರಡನೇ ದಿನ. ಪ್ರೋಟ್ರೇಯ (ಸಸಿ ಬೆಳೆಸುವ ಸಣ್ಣ ಗುಂಡಿಗಳ ತಟ್ಟೆಯ) ಸಸಿ ಉದ್ದಕ್ಕೆ ಎಳೆದುಕೊಂಡು ಬೀಳುವುದು ಎರಡನೇ ವಾರ. ಆಗ ನಿಮ್ಮ ಮುಂದಿನ ಉಪನ್ಯಾಸದಲ್ಲಿ ಬೋನ್ಸಾಯ್ ವಿಷಯ ನಡೆಯುತ್ತಿರುತ್ತದೆ. ಸೋತವರಿಗೆ ಕೇಳಲು ಜಾಗವಿಲ್ಲ, ಕೇಳಲು ಸಂಕೋಚವೂ ಇರುತ್ತದೆ. ಅಂಥವರೇ ಮುಂದೆ ಬರುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ನಮ್ಮ ಸಲಹೆ ಇದು: ವರ್ಷಕ್ಕೆ ಹನ್ನೆರಡು ವಿಷಯ ಬೇಡ, ಆರು ಸಾಕು. ಪ್ರತಿ ವಿಷಯಕ್ಕೂ ಎರಡು ಕೂಟ. ಮೊದಲನೆಯದರಲ್ಲಿ ಕೈಯಿಂದ ಮಾಡುವುದು, ಎರಡನೆಯದನ್ನು ಕೆಡುವ ಹೊತ್ತಿಗೆ ಸರಿಯಾಗಿ ಇಡುವುದು. ಗೊಬ್ಬರಕ್ಕೆ 15 ದಿನದ ನಂತರ, ಸಸಿಗೆ ಮೂರು ವಾರದ ನಂತರ, ಗೂಟಿಗೆ (ಮರದಲ್ಲಿರುವ ಕೊಂಬೆಗೇ ಬೇರು ಬರಿಸುವುದಕ್ಕೆ) 45 ದಿನದ ನಂತರ. ತಿಂಗಳ ಎರಡನೇ ಭಾನುವಾರ ಎಂದು ಕಟ್ಟಿಹಾಕಿಕೊಂಡರೆ ಇದು ಆಗುವುದಿಲ್ಲ. ದಿನವನ್ನು ಗಿಡವೇ ಗೊತ್ತು ಮಾಡಬೇಕು.

ಆರು ವಿಷಯಗಳನ್ನು ಒಂದರ ಫಲ ಇನ್ನೊಂದಕ್ಕೆ ಸಾಮಾನಾಗುವಂತೆ ಜೋಡಿಸಿ. ಹೊಂಗೆ, ಬೇವು, ಮಳೆಮರ ಎಲೆ ಉದುರಿಸುವುದು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಬೀದಿಯಲ್ಲಿ ಗುಡಿಸಿ ಸುಡುವ ಎಲೆಯನ್ನು ಚೀಲಕ್ಕೆ ತುಂಬಿದರೆ ವರ್ಷಕ್ಕಾಗುವಷ್ಟು ಸಿಗುತ್ತದೆ. ಆದ್ದರಿಂದ ಗೊಬ್ಬರ ಫೆಬ್ರುವರಿ ಮೊದಲ ವಾರ. ಅದೇ ದಿನ ಪ್ರತಿ ಮನೆಗೆ ನಾಲ್ಕು ಹೀರೆ ಬೀಜ ಕೊಟ್ಟು ಕಳಿಸಿ. ಏಪ್ರಿಲ್ ಹೊತ್ತಿಗೆ ಅವು ಹೂ ಬಿಟ್ಟಿರುತ್ತವೆ, ಕೈ ಪರಾಗಸ್ಪರ್ಶದ ಕೂಟಕ್ಕೆ ಬಳ್ಳಿ ಸಿದ್ಧ. ಫೆಬ್ರುವರಿಯ ಗೊಬ್ಬರ ಮೇ ಹೊತ್ತಿಗೆ ಕಳಿತು ಪುಡಿಯಾಗಿರುತ್ತದೆ, ಕುಂಡದ ಮಣ್ಣು ಬೆರೆಸುವ ಕಾರ್ಯಾಗಾರ ಆಗ. ಆರಿದ್ರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಕೊನೆಗೆ, ಗೂಟಿ. ಸೆಪ್ಟೆಂಬರ್ ಮೊದಲ ವಾರ ಚಳಿಗಾಲದ ತರಕಾರಿ ಸಸಿ. ಅಕ್ಟೋಬರ್ ಕೊನೆಗೆ, ಮಳೆ ಇಳಿಮುಖವಾದ ಮೇಲೆ, ಗುಲಾಬಿ ಸವರುವುದು, ಅಂದರೆ ಕೊಂಬೆ ಕತ್ತರಿಸುವುದು.

ಈಗ ಒಂದೊಂದಾಗಿ ನೋಡೋಣ. ಗೊಬ್ಬರದ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಅದು ಸೋತರೆ ಜನ ಕೈತೋಟವನ್ನೇ ಬಿಡುತ್ತಾರೆ.

ಪೇಂಟಿನ 20 ಲೀಟರ್ ಖಾಲಿ ಬಕೆಟ್ಟು ಮನೆಗೊಂದು ಸಾಲದು, ಎರಡು ಬೇಕು. ನಾಲ್ಕು ಜನರ ಮನೆಯ ಸಿಪ್ಪೆ, ಸೊಪ್ಪಿನ ಕಡ್ಡಿ ಸೇರಿದರೆ ಒಂದು ಬಕೆಟ್ಟು ಎರಡು ಮೂರು ವಾರದಲ್ಲಿ ತುಂಬುತ್ತದೆ. ತುಂಬಿದ್ದು ಕಳಿಯುತ್ತಿರುವಾಗ ಇನ್ನೊಂದಕ್ಕೆ ಹಾಕಬೇಕಲ್ಲ. ಡ್ರಿಲ್ಲಿನಿಂದ ಸುತ್ತಲೂ 8 ಮಿ.ಮೀ. ತೂತುಗಳನ್ನು ನಾಲ್ಕು ಬೆರಳಗಲಕ್ಕೆ ಒಂದರಂತೆ ಕೊರೆಯಿರಿ, ತಳಕ್ಕೆ ಐದು. ಕಾದ ಕಬ್ಬಿಣದಿಂದ ಚುಚ್ಚುವುದು ಬೇಡ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ಭವನದಲ್ಲಿ ಒಂದು ಡ್ರಿಲ್ ಇಟ್ಟುಕೊಂಡರೆ ಇಪ್ಪತ್ತು ಮನೆಯ ಬಕೆಟ್ಟು ಒಂದು ಗಂಟೆಯಲ್ಲಿ ಮುಗಿಯುತ್ತದೆ. ತಳಕ್ಕೆ ಮೂರು ಇಂಚು ಒಣ ಎಲೆ. ಅದರ ಮೇಲೆ ದಿನದ ಹಸಿ ಕಸ ಒಂದು ಪಾತ್ರೆಯಾದರೆ ಪುಡಿ ಮಾಡಿದ ಒಣ ಎಲೆ ಅದೇ ಪಾತ್ರೆಯಲ್ಲಿ ಎರಡು. ಈ ಅಳತೆಯಲ್ಲೇ ಜನ ಜಿಪುಣತನ ಮಾಡುವುದು, ಒಂದು ಹಿಡಿ ಎಲೆ ಉದುರಿಸಿ ಸುಮ್ಮನಾಗುವುದು. ಹಾಗಾಗಿ ಮೊದಲ ಕೂಟದಲ್ಲಿ ಪಾತ್ರೆಯಿಂದಲೇ ಅಳೆದು ಹಾಕಿಸಿ. ಶುರುವಿಗೆ ಎರಡು ಹಿಡಿ ಹಳೆಯ ಗೊಬ್ಬರ, ಇಲ್ಲವೇ ಒಂದು ಲೋಟ ಹುಳಿ ಮಜ್ಜಿಗೆ ನೀರಿಗೆ ಬೆರೆಸಿ ಚಿಮುಕಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ತಳದಿಂದ ಮಗುಚಬೇಕು. ಸಾರು, ಎಣ್ಣೆ ಪಲ್ಯ, ಉಪ್ಪಿನಕಾಯಿ ಬೇಡ. ಉಪ್ಪು ಗೊಬ್ಬರದಲ್ಲೇ ಉಳಿದು ಕೊನೆಗೆ ಗಿಡದ ಬೇರಿಗೆ ಬರುತ್ತದೆ.

ಬಕೆಟ್ಟಿನ ಗೊಬ್ಬರದ ಬಗ್ಗೆ ಉಪನ್ಯಾಸಗಳಲ್ಲಿ ಕಡಿಮೆ ಹೇಳುವ ಒಂದು ಮಾತಿದೆ. ಕಳೆಬೀಜ, ರೋಗದ ಬೀಜಾಣು ಸಾಯಬೇಕಾದರೆ ಗೊಬ್ಬರದ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಬಿಸಿಯಾಗಿರಬೇಕು. ಅಷ್ಟು ಬಿಸಿ ಹಿಡಿದಿಟ್ಟುಕೊಳ್ಳಲು ಗುಡ್ಡೆ ಸುಮಾರು ಮೂರು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ ಇರಬೇಕು. 20 ಲೀಟರ್ ಬಕೆಟ್ಟು ಬೆಚ್ಚಗಾಗುತ್ತದೆಯೇ ಹೊರತು ಅಷ್ಟು ಕಾಯುವುದಿಲ್ಲ. ಆದ್ದರಿಂದ ಎಲೆ ಮುದುಡಿದ ಟೊಮೆಟೊ ಗಿಡ, ಬೀಜ ಕಟ್ಟಿದ ಕಳೆ, ಹಿಟ್ಟು ತಿಗಣೆ (ಬಿಳಿ ಹಿಟ್ಟಿನಂತೆ ಮೆತ್ತಿಕೊಳ್ಳುವ ಕೀಟ) ಹತ್ತಿದ ದಾಸವಾಳದ ಕೊಂಬೆ ಬಕೆಟ್ಟಿಗೆ ಹೋಗಬಾರದು. ಬಡಾವಣೆಯ ಪಾರ್ಕಿನಲ್ಲಿ ಒಂದು ಮೂಲೆ ಕೊಟ್ಟರೆ ಅಲ್ಲಿ ದೊಡ್ಡ ಗುಡ್ಡೆ ಕಟ್ಟಿ. ನಿಜವಾದ ಬಿಸಿ ಗೊಬ್ಬರ ಏನೆಂದು ಸದಸ್ಯರು ಕೈಯಿಟ್ಟು ನೋಡಲಿ.

ಹದಿನೈದನೇ ದಿನದ ಕೂಟ ಹೀಗಿರಲಿ. ಪ್ರತಿಯೊಬ್ಬರೂ ಬಕೆಟ್ಟಿನ ನಡುವಿನಿಂದ ಎರಡು ಹಿಡಿ ತೆಗೆದು ಕವರಿನಲ್ಲಿ ತರಬೇಕು. ಮೇಜಿನ ಮೇಲೆ ಹಳೆ ಪೇಪರು ಹಾಸಿ ಸಾಲಾಗಿ ಸುರಿಯಿರಿ. ಒಂದೊಂದನ್ನೂ ಮುಷ್ಟಿಯಲ್ಲಿ ಹಿಂಡಿ ನೋಡಲಿ. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಒಣ ಎಲೆ ಸಾಲದು. ಹಿಂಡಿದಾಗ ನೀರು ಬರದೆ ಅಂಗೈಯಷ್ಟೇ ಒದ್ದೆಯಾಗಿ, ಉಂಡೆ ಕಟ್ಟಿ, ಬೆರಳು ತಾಕಿಸಿದರೆ ಒಡೆದರೆ ಹದ ಸರಿ. ಉಂಡೆಯೇ ಕಟ್ಟದೆ ಉದುರಿದರೆ ನೀರು ಬೇಕು, ಅಂಥ ಬಕೆಟ್ಟಿನಲ್ಲಿ ಇರುವೆ ಸೇರಿರುತ್ತದೆ. ಆಮೇಲೆ ವಾಸನೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ ಎಂದರ್ಥ, ಪೂರ್ತಿ ಸುರಿದು ಒಣ ಎಲೆ ಬೆರೆಸಿ ಮತ್ತೆ ತುಂಬಬೇಕು. ಮೂಗಿಗೆ ಖಾರವಾಗಿ ಹೊಡೆಯುವ ಅಮೋನಿಯಾ ವಾಸನೆಯಾದರೆ ಹಸಿ ಕಸ ಜಾಸ್ತಿಯಾಗಿ ಸಾರಜನಕ ಹಾರಿಹೋಗುತ್ತಿದೆ, ಅದಕ್ಕೂ ಒಣ ಎಲೆಯೇ ಮದ್ದು. ಬೂದು ಬಣ್ಣದ ಚಪ್ಪಟೆ ಹುಳಗಳನ್ನು ಕಂಡು ಹೆದರುವವರೇ ಹೆಚ್ಚು. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ, ಕೇಡಿಲ್ಲ. ಅವು ತೀರ ಹೆಚ್ಚಾದರೆ ಬಕೆಟ್ಟು ಒದ್ದೆ ಎಂದಷ್ಟೇ ತಿಳಿಯಬೇಕು. ಇಪ್ಪತ್ತು ಜನರ ಇಪ್ಪತ್ತು ಮಾದರಿ ಒಂದೇ ಮೇಜಿನ ಮೇಲೆ ಕಂಡಾಗ ಪ್ರತಿಯೊಬ್ಬರಿಗೂ ತಮ್ಮದು ಎಲ್ಲಿ ನಿಂತಿದೆ ಎಂದು ತಾನೇ ಗೊತ್ತಾಗುತ್ತದೆ. ಒಂದು ಗಂಟೆಯ ಸ್ಲೈಡು ಇಷ್ಟನ್ನು ಕಲಿಸಲಾರದು.

ಕಳಿತಿದೆಯೋ ಇಲ್ಲವೋ ಎಂದು ಮೇ ತಿಂಗಳಲ್ಲಿ ತಿಳಿಯಲು, ಒಂದು ಹಿಡಿ ತೇವದ ಗೊಬ್ಬರವನ್ನು ಬಿಗಿ ಕವರಿನಲ್ಲಿ ಕಟ್ಟಿ ಎರಡು ದಿನ ಇಟ್ಟು ಬಿಚ್ಚಿ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಆಗಿದೆ. ಹುಳಿ ನಾತ ಬಂದರೆ ಇನ್ನೂ ಎರಡು ಮೂರು ವಾರ ಬಿಡಿ. ಅರೆಬೆಂದ ಗೊಬ್ಬರ ಹಾಕಿದ ಕುಂಡದಲ್ಲಿ ಗಿಡ ಹಳದಿಯಾಗುತ್ತದೆ, ಮಣ್ಣಿನ ಸಾರಜನಕವನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಬಳಸಿಕೊಳ್ಳುವುದರಿಂದ.

ಕೈ ಪರಾಗಸ್ಪರ್ಶದ ಕೂಟಕ್ಕೆ ಬೆಳಿಗ್ಗೆ 11 ಗಂಟೆ ಎಂದು ಹಾಕಿದರೆ ಕೆಲಸ ಕೆಟ್ಟಂತೆಯೇ. ಹೀರೆ, ಸೋರೆ, ಪಡವಲದ ಹೂ ಅರಳುವುದು ಸಂಜೆ. ಕುಂಬಳ, ಹಾಗಲ ಅರಳುವುದು ಬೆಳಗಿನ ಜಾವ, ಬಿಸಿಲೇರುತ್ತಿದ್ದಂತೆ ಕುಂಬಳದ ಹೂ ಮುಚ್ಚಿಕೊಳ್ಳುತ್ತದೆ. ಹನ್ನೊಂದಕ್ಕೆ ಬಂದವರಿಗೆ ಎರಡೂ ಸಿಗುವುದಿಲ್ಲ. ಹೀರೆಗೆ ಸಂಜೆ 6ಕ್ಕೆ ಯಾರಾದರೊಬ್ಬರ ತಾರಸಿಯಲ್ಲೇ ಸೇರಿ. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಎಳೆ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆತ್ತಗೆ ಎಲ್ಲ ಕಡೆ ಸವರಬೇಕು. ಒಂದೇ ಕಡೆ ಸವರಿದರೆ ಕಾಯಿ ಡೊಂಕಾಗುತ್ತದೆ. ಸವರಿದ ಹೂವಿಗೆ ಬಣ್ಣದ ದಾರ ಕಟ್ಟಿ, ದಿನಾಂಕ ಬರೆದಿಡಿ. ನಾಲ್ಕು ದಿನದಲ್ಲಿ ಎಳೆಕಾಯಿ ದಪ್ಪವಾದರೆ ಹತ್ತಿದೆ, ಹಳದಿಯಾಗಿ ಸುರುಟಿದರೆ ಇಲ್ಲ. ಬರೀ ಗಂಡು ಹೂ ಬಿಡುತ್ತಿದೆ ಎಂದು ಗೋಳಾಡುವವರು ಇದ್ದೇ ಇರುತ್ತಾರೆ. ಬಳ್ಳಿಯಲ್ಲಿ ಮೊದಲು ಗಂಡು ಹೂಗಳೇ ಬರುವುದು. ಎರಡು ವಾರ ಕಾಯಲಿ, ಬಳ್ಳಿಗೆ ಯೂರಿಯಾ ಸುರಿಯುವುದು ಬೇಡ.

ಮಣ್ಣು ಬೆರೆಸುವ ಕಾರ್ಯಾಗಾರದಲ್ಲಿ ಲೆಕ್ಕ ತಪ್ಪಿದರೆ ಅರ್ಧ ಚೀಲ ಖಾಲಿ ಉಳಿಯುತ್ತದೆ. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗಿನ ಒಳಗಾತ್ರ ಸುಮಾರು 22 ಲೀಟರ್. ಮೇಲೆ ಎರಡು ಇಂಚು ಬಿಟ್ಟರೆ 18 ಲೀಟರ್ ಹಿಡಿಯುತ್ತದೆ. ಇಪ್ಪತ್ತು ಜನಕ್ಕೆ ತಲಾ ಒಂದು ಎಂದರೆ 360 ಲೀಟರ್. ಬೆರೆಸಿದಾಗ ಸಣ್ಣ ಪುಡಿ ಸಂದುಗಳಲ್ಲಿ ಕೂತು ಅಳತೆ ಕುಗ್ಗುವುದರಿಂದ 420 ಲೀಟರಿಗೆ ಸಿದ್ಧ ಮಾಡಿಕೊಳ್ಳಿ: ಕೆಮ್ಮಣ್ಣು 140, ಗೊಬ್ಬರ 140, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 140. ಐದು ಕೆ.ಜಿ.ಯ ಒಂದು ಕೋಕೋಪೀಟ್ ಇಟ್ಟಿಗೆ ನೆನೆಸಿದರೆ 65-75 ಲೀಟರ್ ಆಗುತ್ತದೆ, ಹಾಗಾಗಿ ಎರಡು ಸಾಕು. ಚೀಲಕ್ಕೆ 100 ಗ್ರಾಂನಂತೆ ಬೇವಿನ ಹಿಂಡಿ ಎರಡು ಕೆ.ಜಿ. ಅಳೆಯಲು ತಕ್ಕಡಿ ಬೇಡ, 20 ಲೀಟರಿನ ಬಕೆಟ್ಟೇ ಸಾಕು. ಸಾಮಾನು ಒಂದಕ್ಕೆ ಏಳು ಬಕೆಟ್ಟು.

ಕೋಕೋಪೀಟನ್ನು ಹಿಂದಿನ ದಿನವೇ ನೆನೆಸಿ. ಕಾರ್ಯಾಗಾರದ ದಿನ ನೀರು ಹಾಕಿದರೆ ಇಟ್ಟಿಗೆ ಅರಳಲು ಕಾದು ಕೂರಬೇಕಾಗುತ್ತದೆ. ತೊಳೆಯುವುದು ಇನ್ನೂ ಮುಖ್ಯ. ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣ ಇರುತ್ತದೆ. ತೊಳೆಯದೆ ಹಾಕಿದರೆ ಎಳೆ ಸಸಿಯ ಎಲೆಯ ಅಂಚು ಕಂದಿ ಸುಟ್ಟಂತಾಗುತ್ತದೆ. ಗೋಣಿ ಚೀಲದಲ್ಲಿ ಹಾಕಿ ನೀರು ತುಂಬಿಸಿ ಬಸಿಯುವುದನ್ನು ಎರಡು ಮೂರು ಸಲ ಮಾಡಿ. ಮೊದಲ ನೀರು ಗಾಢ ಕಂದು, ಕೊನೆಯದು ತಿಳಿ ಚಹಾ ಬಣ್ಣಕ್ಕೆ ಬಂದರೆ ಸಾಕು. ಕೆಮ್ಮಣ್ಣನ್ನು ಮಾತ್ರ ಒಣಗಿದ್ದಾಗಲೇ ತರಿಸಿಟ್ಟುಕೊಳ್ಳಿ. ಒದ್ದೆ ಮಣ್ಣನ್ನು ಬೆರೆಸಿದರೆ ಉಂಡೆ ಉಂಡೆಯಾಗಿ ಉಳಿದು ನೀರು ಇಂಗುವುದಿಲ್ಲ. ಸಿದ್ಧವಾದ ಮಿಶ್ರಣವನ್ನು ಕುಂಡಕ್ಕೆ ತುಂಬಿ ಒಂದು ಚೊಂಬು ನೀರು ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ತಳದಿಂದ ಇಳಿದುಬರಬೇಕು.

ತಾರಸಿ ತೋಟದವರಿಗೆ ಭಾರದ ಮಾತು ಈ ದಿನವೇ ಹೇಳಿಬಿಡಿ. ನೀರು ಕುಡಿದ ಇಂಥ ಒಂದು ಚೀಲ 20 ಕೆ.ಜಿ. ದಾಟುತ್ತದೆ. ಜನ ಓಡಾಡುವ ಆರ್‌ಸಿಸಿ ಚಾವಣಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಬಳಕೆಯ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದಾಜು 150 ಕೆ.ಜಿ. ಇದರಲ್ಲಿ ಓಡಾಡುವ ಜನರೂ ಸೇರಿದರು. ಚದರ ಮೀಟರಿಗೆ ನಾಲ್ಕು ಚೀಲ ಮೀರದಿರಲಿ. ಅವನ್ನೂ ತೊಲೆ, ಗೋಡೆಗಳ ನೇರಕ್ಕೆ ಇಡುವುದು ಲೇಸು. ಹಳೇ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಸಿದ್ದು), ಮಂಗಳೂರು ಹೆಂಚಿನ ಮನೆಗಳಿಗೆ ಈ ಲೆಕ್ಕ ಸಲ್ಲುವುದಿಲ್ಲ. ಅಂಥವರು ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಬೇಕು. ಚೀಲವನ್ನು ನೇರ ಚಾವಣಿಯ ಮೇಲೆ ಕೂರಿಸದೆ ಎರಡು ಇಟ್ಟಿಗೆಯ ಮೇಲೆ ಇಟ್ಟರೆ ನೀರು ನಿಲ್ಲದು, ತೇವ ಇಳಿಯದು.

ಇನ್ನು ಗೂಟಿ. ಮಾವಿನ ಕಸಿಯಲ್ಲಿ ಸೋತವರಿಗೆ ಧೈರ್ಯ ತುಂಬಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ, ಯಾಕೆಂದರೆ ಕೊಂಬೆ ತಾಯಿಮರದಲ್ಲೇ ಇದ್ದುಕೊಂಡು ಬೇರು ಬಿಡುತ್ತದೆ. ನಿಂಬೆ, ದಾಳಿಂಬೆ, ಸೀಬೆ ಮೂರೂ ಸುಲಭ. ಪೆನ್ಸಿಲ್ ದಪ್ಪದ, ಒಂದು ವರ್ಷ ಬಲಿತ, ಬಿಸಿಲು ಬೀಳುವ ಕೊಂಬೆ ಆರಿಸಿ. ಗಿಣ್ಣಿನ ಕೆಳಗೆ ಸುತ್ತಲೂ ಎರಡು ಗೆರೆ, ಎರಡರ ನಡುವೆ 2.5 ಸೆಂ.ಮೀ. ಅಂತರ ಬಿಟ್ಟು ಚಾಕುವಿನಿಂದ ಕೊಯ್ದು ನಡುವಿನ ತೊಗಟೆ ಉಂಗುರದಂತೆ ತೆಗೆಯಿರಿ. ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಜಾರುವ ಲೋಳೆ ಪದರವೊಂದು ಉಳಿದಿರುತ್ತದೆ. ಸೋಲುವ ಗೂಟಿಗಳಲ್ಲಿ ಹೆಚ್ಚಿನವು ಸೋಲುವುದು ಇದನ್ನು ಬಿಟ್ಟದ್ದರಿಂದ. ಆ ಲೋಳೆಯಿಂದ ಹೊಸ ತೊಗಟೆ ಬೆಳೆದು ಮೇಲಿನದನ್ನೂ ಕೆಳಗಿನದನ್ನೂ ಜೋಡಿಸಿಬಿಡುತ್ತದೆ, ಆಹಾರ ಮತ್ತೆ ಕೆಳಗೆ ಹರಿದು ಬೇರು ಬಿಡುವ ಅಗತ್ಯವೇ ಕೊಂಬೆಗೆ ಉಳಿಯುವುದಿಲ್ಲ. ಚಾಕುವಿನ ಬೆನ್ನಿನಿಂದ ಒಣಕಟ್ಟಿಗೆ ತಾಕಿದಂತಾಗುವವರೆಗೆ ಕೆರೆಯಬೇಕು, ಬೆರಳಾಡಿಸಿದರೆ ಜಾರಬಾರದು.

ಉಂಗುರದ ಮೇಲ್ಭಾಗದ ಅಂಚಿಗೆ ಬೇರು ಬರಿಸುವ ಪುಡಿ ಸವರಿ, ಬೇರು ಬರುವುದು ಆ ಅಂಚಿನಿಂದಲೇ. ಒಣ ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ, ಚೆನ್ನಾಗಿ ಹಿಂಡಿ, ಕಿತ್ತಳೆ ಗಾತ್ರಕ್ಕೆ ಸುತ್ತಲೂ ಒತ್ತಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಸಡಿಲ ಕಟ್ಟಿದರೆ ಮೇಲಿನಿಂದ ಮಳೆನೀರು ಇಳಿದು ಕೊಳೆಯುತ್ತದೆ, ಇಲ್ಲವೇ ಪಾಚಿ ಒಣಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕೇ ಆಗಬೇಕು, 45 ದಿನದ ಕೂಟದಲ್ಲಿ ಬೇರು ಬಂದಿದೆಯೇ ಎಂದು ಬಿಚ್ಚದೆ ನೋಡಲು. ಬಿಳಿ ಬೇರು ಒಂದೆರಡು ಕಂಡರೆ ಆತುರ ಬೇಡ, ಕವಲೊಡೆದು ಕಂದು ಬಣ್ಣಕ್ಕೆ ತಿರುಗಲಿ. ಆಮೇಲೂ ಒಂದೇ ಏಟಿಗೆ ಕತ್ತರಿಸಬಾರದು. ಗೂಟಿಯ ಕೆಳಗೆ ಅರ್ಧ ಕೊಯ್ದು ಒಂದು ವಾರ ಬಿಟ್ಟು ಉಳಿದರ್ಧ ಕೊಯ್ಯಿರಿ. ಕುಂಡಕ್ಕೆ ಇಟ್ಟ ಮೇಲೆ ಅರ್ಧದಷ್ಟು ಎಲೆ ತೆಗೆದು ಎರಡು ಮೂರು ವಾರ ನೆರಳಿನಲ್ಲಿಡಿ.

ಸಾಮಾನು: ಇಬ್ಬರಿಗೊಂದು ಕಸಿ ಚಾಕು, ಒಂದು ಕೆ.ಜಿ. ಪಾಚಿ, ಪಾಚಿಯ ಉಂಡೆಯ ಸುತ್ತ ಬರುವಷ್ಟು ಉದ್ದಕ್ಕೆ ಮೊದಲೇ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ 50, ದಾರ, ಚಾಕು ಒರೆಸಲು ಸ್ಪಿರಿಟ್, ಬೆರಳು ಕೊಯ್ದುಕೊಂಡರೆ ಬ್ಯಾಂಡೇಜು. ಭವನದ ಮೇಜಿನ ಮೇಲೆ ಕತ್ತರಿಸಿ ತಂದ ಸೀಬೆ ಕಡ್ಡಿಯಲ್ಲಿ ಎಲ್ಲರೂ ಎರಡು ಸಲ ಉಂಗುರ ತೆಗೆದು ಅಭ್ಯಾಸ ಮಾಡಲಿ, ನಂತರ ನಿಜವಾದ ಮರಕ್ಕೆ ಹೋಗಿ. ಒಂದು ದೊಡ್ಡ ಮರಕ್ಕೆ ಎಂಟು ಹತ್ತು ಗೂಟಿ ಮೀರದಿರಲಿ.

ಮಾವಿನ ಕಸಿ ಮಾಡಲೇಬೇಕೆಂಬ ಆಸೆ ಇರುವ ಐದಾರು ಜನಕ್ಕೆ ಜುಲೈನಲ್ಲಿ ಬೇರೆಯಾಗಿ ಇಡಿ. ಅದಕ್ಕೆ ಹತ್ತು ದಿನ ಮೊದಲು ತಾಯಿಮರಕ್ಕೆ ಹೋಗಿ, ಆರಿಸಿದ ಕಡ್ಡಿಗಳ ಎಲೆಗಳನ್ನು ತೊಟ್ಟಿನ ತುಣುಕು ಉಳಿಸಿ ಕತ್ತರಿಸಬೇಕು. ತುದಿಮೊಗ್ಗು ಉಬ್ಬಿದಾಗ ಕಡ್ಡಿ ತೆಗೆದು ಆ ದಿನವೇ ಕಸಿ ಕಟ್ಟಬೇಕು. ಕಡ್ಡಿಯೂ ಬೇರುಸಸಿಯೂ ಒಂದೇ ದಪ್ಪ ಇರಲಿ. ಕಟ್ಟಿದ ಮೇಲೆ ಸಣ್ಣ ಉದ್ದನೆಯ ಪ್ಲಾಸ್ಟಿಕ್ ಕವರನ್ನು ಟೋಪಿಯಂತೆ ತೊಡಿಸಿದರೆ ಒಳಗೆ ತೇವ ನಿಲ್ಲುತ್ತದೆ.

ಸಸಿಯ ಕೂಟಕ್ಕೆ ಹೂಕೋಸು, ಎಲೆಕೋಸು, ಟೊಮೆಟೊ ಸಾಕು. ತಲಾ ಒಂದು ಪ್ರೋಟ್ರೇ, ಗುಂಡಿಗೊಂದು ಬೀಜ, ಬೀಜದ ದಪ್ಪದ ಎರಡರಷ್ಟು ಆಳ. ಟ್ರೇಗಳನ್ನು ಒಂದರ ಮೇಲೊಂದಿಟ್ಟು ಮುಚ್ಚಿದರೆ ಬೇಗ ಮೊಳೆಯುತ್ತವೆ, ಆದರೆ ಮೊಳಕೆ ಕಂಡ ದಿನವೇ ಬೆಳಕಿಗೆ ತರದಿದ್ದರೆ ಸಸಿ ನೂಲಿನಂತೆ ಎಳೆದುಕೊಳ್ಳುತ್ತದೆ. ಬುಡ ಕೊಳೆತು ಮಲಗುವುದು ನೀರು ಜಾಸ್ತಿಯಾದಾಗ. ಮೂರು ವಾರದ ಕೂಟಕ್ಕೆ ಟ್ರೇಯನ್ನೇ ತರಲಿ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟನ್ನು ನೇರ ಕುಂಡಕ್ಕೇ ಬಿತ್ತಬೇಕು. ಅದರಲ್ಲೂ ಕ್ಯಾರೆಟ್, ಮೂಲಂಗಿಯನ್ನು ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ. ದಸರೆಗೆ ಮನೆಯದೇ ಚೆಂಡುಹೂ ಬೇಕೆಂದರೆ ಆ ವರ್ಷದ ವಿಜಯದಶಮಿಯಿಂದ ಹಿಂದಕ್ಕೆ 70-75 ದಿನ ಎಣಿಸಿ ಬೀಜ ಹಾಕಿ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ನಿಮ್ಮ ಬಳಗದ ಕುಂಡಗಳೂ ಹೂ ತುಂಬಿರುತ್ತವೆ.

ಗುಲಾಬಿ ಸವರಿದ ಸುಮಾರು 45 ದಿನಕ್ಕೆ ಹೂ ಬರುತ್ತದೆ, ಎರಡನೇ ಕೂಟ ಅಂದೇ ಇಡಿ. ಹೊರಮುಖದ ಮೊಗ್ಗಿನ ಮೇಲೆ ಅರ್ಧ ಸೆಂ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿ, ಕೊಯ್ದ ಬಾಯಿಗೆ ತಾಮ್ರದ ಶಿಲೀಂಧ್ರನಾಶಕದ ಪೇಸ್ಟು ಹಚ್ಚುವುದನ್ನು ಮರೆಯಬೇಡಿ.

ರೋಗ, ಕೀಟಕ್ಕೆ ಬೇರೆ ಉಪನ್ಯಾಸ ಬೇಡ. ಪ್ರತಿ ಎರಡನೇ ಕೂಟದಲ್ಲೂ ಒಂದು ಮೇಜು ಅದಕ್ಕೇ ಇರಲಿ. ಕಾಯಿಲೆ ಬಿದ್ದ ಎಲೆಯನ್ನು ಬಿಗಿ ಕವರಿನಲ್ಲೇ ತರಬೇಕು, ಇಡೀ ಕುಂಡ ಹೊತ್ತು ತಂದರೆ ಹಿಟ್ಟು ತಿಗಣೆ ಎಲ್ಲರ ಮನೆಗೂ ಹಂಚಿಕೆಯಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಭೂತಗನ್ನಡಿ ನಾಲ್ಕು ಕೊಳ್ಳಿ. ಬೇವಿನೆಣ್ಣೆ ಬೆರೆಸುವುದನ್ನು ಮಾಡಿಯೇ ತೋರಿಸಿ: 5 ಮಿ.ಲೀ. ಎಣ್ಣೆಗೆ ಮೊದಲು 1-2 ಮಿ.ಲೀ. ದ್ರವ ಸೋಪು ಕಲಸಿ, ಆಮೇಲೆ ಒಂದು ಲೀಟರ್ ನೀರು ಸ್ವಲ್ಪ ಸ್ವಲ್ಪವಾಗಿ. ನೀರು ಹಾಲಿನಂತೆ ಬೆಳ್ಳಗಾಗಬೇಕು. ನೀರಿಗೆ ನೇರ ಎಣ್ಣೆ ಹಾಕಿದವರ ಪಂಪಿನಲ್ಲಿ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಸಂಜೆ, ಎಲೆಯ ಅಡಿಗೆ ಸಿಂಪಡಿಸಬೇಕು.

ಮಾತನಾಡುವವರು ಯಾರು ಎಂದರೆ, ನಿಮ್ಮ ಸುತ್ತಮುತ್ತಲೇ ಇದ್ದಾರೆ. ಜಿಲ್ಲಾ ತೋಟಗಾರಿಕೆ ಇಲಾಖೆ, ಮೈಸೂರಿನ ತೋಟಗಾರಿಕೆ ಕಾಲೇಜು, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇವಕ್ಕೆ ಪತ್ರ ಬರೆಯಿರಿ. ಬೀಜ ಬೇಕಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳಿವೆ. ಲಾಲ್‌ಬಾಗಿನಲ್ಲಿ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರ ಮುತುವರ್ಜಿಯಿಂದ 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕಾ ಸಂಘದ ಕಾಲದಿಂದಲೂ ಹವ್ಯಾಸಿಗಳೂ ತಜ್ಞರೂ ಒಟ್ಟಿಗೆ ಕೂಡುವ ರೂಢಿ ನಮ್ಮಲ್ಲಿದೆ, ಕರೆದರೆ ಬರುತ್ತಾರೆ. ಪತ್ರದ ಜೊತೆ ಸದಸ್ಯರ ಐದು ನಿರ್ದಿಷ್ಟ ಪ್ರಶ್ನೆಗಳನ್ನು ಕಳಿಸಿ. ‘ತಾರಸಿ ತೋಟದ ಬಗ್ಗೆ ಮಾತನಾಡಿ’ ಎಂದರೆ ಯಾರೇ ಆದರೂ ಪೀಠಿಕೆಯಿಂದಲೇ ಶುರು ಮಾಡಬೇಕಾಗುತ್ತದೆ. ಮಾತಿಗೆ 25 ನಿಮಿಷ, ಕೈಕೆಲಸಕ್ಕೆ ಒಂದು ಗಂಟೆ, ಪ್ರಶ್ನೆಗೆ ಅರ್ಧ ಗಂಟೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು ಪೇಟದ ಸನ್ಮಾನ, ವಂದನಾರ್ಪಣೆ ಎಂದು ಮುಕ್ಕಾಲು ಗಂಟೆ ಕಳೆಯುವುದನ್ನು ದಯವಿಟ್ಟು ಐದು ನಿಮಿಷಕ್ಕೆ ಇಳಿಸಿ. ಬಂದವರಿಗೆ ಗೌರವಧನವನ್ನೂ ಒಂದು ಒಳ್ಳೆಯ ಗಿಡವನ್ನೂ ಕೊಡಿ. ಕೊನೆಯಲ್ಲಿ ಎಲ್ಲರಿಗೂ ಪುಕ್ಕಟೆ ಸಸಿ ಹಂಚುವುದೂ ಬೇಡ ಎನ್ನುತ್ತೇವೆ. ತಾವೇ ಕೈಯಾರೆ ಬಿತ್ತಿದ್ದನ್ನು ಜನ ನೋಡಿಕೊಳ್ಳುವಷ್ಟು ಹಂಚಿದ ಸಸಿಯನ್ನು ನೋಡಿಕೊಳ್ಳುವುದಿಲ್ಲ.

ನಿಮ್ಮ ವಂತಿಗೆ ಒಟ್ಟು 27,000 ರೂಪಾಯಿ. ಮೊದಲ ವರ್ಷ ಚಾಕು, ಕತ್ತರಿ, ಭೂತಗನ್ನಡಿ, ಪ್ರೋಟ್ರೇಗಳಿಗೆ 6,000 ಎತ್ತಿಡಿ, ಇವು ವರ್ಷಗಟ್ಟಲೆ ಬರುತ್ತವೆ. ಉಳಿದ 21,000ವನ್ನು ಆರು ವಿಷಯಕ್ಕೆ ಹಂಚಿದರೆ ತಲಾ 3,500. ಕೈಕೆಲಸದ ಕೂಟಕ್ಕೆ ಇಪ್ಪತ್ತೇ ಜನ, ಹೆಸರು ಕೊಟ್ಟವರಿಂದ 100 ರೂಪಾಯಿ ಠೇವಣಿ ಪಡೆದು ಎರಡನೇ ಕೂಟಕ್ಕೆ ತಮ್ಮ ಬಕೆಟ್ಟೋ ಟ್ರೇಯೋ ತಂದಾಗ ವಾಪಸು ಕೊಡಿ. ಕೆಟ್ಟದ್ದನ್ನು ತಂದವರಿಗೂ ವಾಪಸು ಕೊಡಬೇಕು, ಕೂಟ ಇರುವುದೇ ಅವರಿಗಾಗಿ. ಹೆಚ್ಚು ಜನ ಬಂದರೆ ಅದೇ ಕೂಟವನ್ನು ಮುಂದಿನ ಭಾನುವಾರ ಇನ್ನೊಮ್ಮೆ ಮಾಡಿ.

ಮಕ್ಕಳನ್ನು ಖಂಡಿತ ಸೇರಿಸಿಕೊಳ್ಳಿ, ಆದರೆ ಕಸಿ ಚಾಕು, ಸಿಂಪಡಣೆ ಇರುವ ದಿನ ಬೇಡ. ಮಣ್ಣು ಬೆರೆಸುವ ದಿನ ಅವರಿಗೊಂದು ಅಗಲ ಟ್ರೇ ಕೊಟ್ಟು ಅರ್ಕಾ ಸುಗುಣ ಹರಿವೆ ಬಿತ್ತಿಸಿ. ಬೀಜ ಬಹಳ ಸಣ್ಣದು, ಒಂದು ಚಮಚಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ ಕೊಟ್ಟರೆ ಒಂದೇ ಕಡೆ ಸುರಿಯದೆ ಹರಡುತ್ತಾರೆ. ಸುಮಾರು 25 ದಿನಕ್ಕೆ ಮೊದಲ ಕಟಾವು ಬರುತ್ತದೆ. ಬುಡದಿಂದ ಎರಡು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಗೊಬ್ಬರ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಲು ಭವನದ ನಲ್ಲಿಯ ಹತ್ತಿರ ಒಬ್ಬರು ದೊಡ್ಡವರು ನಿಂತಿರಲಿ.